ಹೊಳೆ ತಡವಾಗಿ ಬರಲಿದೆ

ಮೊದಲೇ ಹೇಳಿಬಿಡುತ್ತೇನೆ: ಕೆಳಗೆ ಬರೆದಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಡೆದಿರಬೇಕೆಂದು ನಾನು ಅಂದುಕೊಂಡದ್ದು ಎಂಬುದು ನನಗೇ ಸರಿಯಾಗಿ ಗೊತ್ತಿಲ್ಲ. ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿದ ಫಲ ಇದು. ನೆನಪನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆ ಎಂದುಕೊಳ್ಳಬೇಡಿ, ತೆಗೆದಾಗಲೆಲ್ಲ ನೀವೇ ಅದನ್ನು ಹೊಸದಾಗಿ ನೇಯುತ್ತೀರಿ ಎಂದು ಅಲ್ಲಿ ಕಲಿಸಿ ಕಳಿಸಿದರು. ಅಂದಿನಿಂದ ಬೆಳಗ್ಗೆ ಏನು ತಿಂಡಿ ಎಂದು ಯಾರಾದರೂ ಕೇಳಿದರೂ "ಉಪ್ಪಿಟ್ಟು ಇರಬಹುದು" ಎನ್ನುತ್ತೇನೆ. "ಇರಬಹುದು ಏನ್ರೀ? ನಾನೇ ಮಾಡಿದ್ದು, ಎರಡು ಸಲ ಹಾಕಿಸ್ಕೊಂಡ್ರಿ!" ಎಂದು ಹೆಂಡತಿ ಅಡುಗೆಮನೆಯಿಂದ ತಿದ್ದುತ್ತಾಳೆ.

ಆದರೆ ಒಂದು ಮಾತನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ನನ್ನ ಸೋದರಮಾವ ಹದಿನೈದು ವರ್ಷಗಳಿಂದ ಒಂದು ಹೊಳೆಯನ್ನು ಲೇಟಾಗಿ ಓಡಿಸುತ್ತಿದ್ದಾರೆ!

ಮಾವ ರೈಲ್ವೆಯಲ್ಲಿದ್ದವರು. ಯಾವ ಸ್ಟೇಷನ್ ಎಂದು ಬರೆಯಬಾರದೆಂದು ಅವರ ಕಟ್ಟಪ್ಪಣೆ. ನಿವೃತ್ತರಾಗಿ ಇಷ್ಟು ಕಾಲವಾದರೂ ಯಾರೋ ಮೆಮೊ ಹಿಡಿದು ಮನೆ ಬಾಗಿಲಿಗೆ ಬಂದಾರು ಎಂಬ ಭಯ ಅವರಿಗೆ ಹೋಗಿಲ್ಲ. ಸ್ಟೇಷನ್ನಿನ ದೊಡ್ಡ ಕರಿಹಲಗೆಯ ಮೇಲೆ ರೈಲುಗಳು ಬರುವ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯುವುದು ಅವರ ಕೆಲಸವಾಗಿತ್ತು. ನಾಲ್ಕು ಅಂಕಣ: ಗಾಡಿ, ಬರಬೇಕಾದ ಸಮಯ, ಬರುವ ಸಮಯ, ಪ್ಲಾಟ್‌ಫಾರಂ. ಸ್ಟೂಲು ಹತ್ತಿ ನಿಂತು ಅಚ್ಚು ಹಾಕಿದಂತೆ ಬರೆಯುತ್ತಿದ್ದರು. ಆಮೇಲೆ ಕೆಂಪು ದೀಪದ ಅಕ್ಷರಗಳು ತಾವೇ ಓಡಾಡುವ ಹೊಸ ಬೋರ್ಡು ಬಂತು, ಅದೇ ವರ್ಷ ಮಾವ ನಿವೃತ್ತರಾದರು. ಬೀಳ್ಕೊಡುಗೆಗೆ ಏನು ಬೇಕು ಎಂದು ಕೇಳಿದ್ದಕ್ಕೆ "ಆ ಹಲಗೆ ಕೊಟ್ಬಿಡಿ" ಎಂದರಂತೆ. ಗೋಡೆ ಗಡಿಯಾರವನ್ನು ಆಗಲೇ ತಂದಾಗಿದ್ದರಿಂದ ಅದನ್ನೂ ಕೊಟ್ಟರಂತೆ. ಆ ಗಡಿಯಾರ ಏಳು ನಿಮಿಷ ಹಿಂದಿದೆ. ತಿದ್ದಿ ಮಾವ ಎಂದರೆ, "ಎಷ್ಟು ಹಿಂದಿದೆ ಅಂತ ಗೊತ್ತಿದ್ದ ಮೇಲೆ ಅದು ಹೇಗೋ ತಪ್ಪಾಗುತ್ತೆ?" ಎನ್ನುತ್ತಾರೆ.

ಮಾವನ ಮನೆ ಚಿಕ್ಕಬಾಣಾವರದ ಆಚೆ, ಹೆಸರಘಟ್ಟ ರಸ್ತೆಯಿಂದ ಮೂರು ತಿರುವು ಒಳಗೆ. ಅಲ್ಲೊಂದು ಮೋರಿ ಸೇತುವೆ. ಕೆಳಗೆ ಒಣಗಿದ ಹುಲ್ಲು, ಒಂದು ಹಳೇ ಸೋಫಾ, ನಾಲ್ಕು ಹೆಲ್ಮೆಟ್ಟು. ಊರವರೆಲ್ಲ ಅದನ್ನು ಕಾಲುವೆ ಎನ್ನುತ್ತಾರೆ. ಮಾವ ಮಾತ್ರ ಹೊಳೆ ಎನ್ನುತ್ತಾರೆ. ಹಿಂದೆ ಕೆರೆ ಕೋಡಿ ಬಿದ್ದಾಗಲೆಲ್ಲ ಇಲ್ಲಿ ನೀರು ಹರಿದು ಮುಂದೆಲ್ಲೋ ದೊಡ್ಡ ನದಿ ಸೇರುತ್ತಿತ್ತಂತೆ. ಯಾವ ನದಿ ಎಂಬುದಕ್ಕೆ ಮಾವನ ಬಳಿ ಮೂರು ಉತ್ತರಗಳಿವೆ, ಹವೆ ನೋಡಿಕೊಂಡು ಒಂದನ್ನು ಕೊಡುತ್ತಾರೆ. "ನಮ್ದು ಹೊಳೆದಂಡೆ ಊರು ಕಣೋ. ಇಲ್ಲಿ ದಿನಾ ಸಮಾಚಾರ ಇರುತ್ತೆ. ಬರೆಯೋರಿಲ್ಲ ಅಷ್ಟೆ." ಹೀಗೆಂದು ಹಲಗೆಯನ್ನು ತಂದು ಸೇತುವೆಯ ಕಂಬಿಗೆ, ನಜೀರಣ್ಣನ ಟೀ ಅಂಗಡಿಯ ಎದುರು, ತಂತಿ ಬಿಗಿದು ಕಟ್ಟಿಯೇ ಬಿಟ್ಟರು.

ಅಂಕಣಗಳನ್ನು ಬದಲಿಸಲಿಲ್ಲ. ಊರಿನ ಸುದ್ದಿಯೆಲ್ಲ ರೈಲಾಯಿತು!

ಹಾಲಿನ ವ್ಯಾನು: ಬರಬೇಕಾದದ್ದು ಐದೂವರೆ, ಬರುವುದು ಐದೂವರೆ. ಕುಡಿಯುವ ನೀರು: ಬರಬೇಕಾದದ್ದು ಮಂಗಳವಾರ, ಬರುವುದು ಗುರುವಾರ. ಕಸದ ಆಟೋ: ಬರಬೇಕಾದದ್ದು ಏಳು, ಬರುವ ಸಮಯದ ಅಂಕಣದಲ್ಲಿ "ಹಾಡು ಕೇಳಿಸುತ್ತಿದೆ, ಗಾಡಿ ಕಾಣಿಸುತ್ತಿಲ್ಲ". ಬೆಳಗ್ಗೆ ಜನ ಟೀ ಲೋಟ ಹಿಡಿದು ಅದನ್ನು ಓದಿಕೊಂಡೇ ಕೆಲಸಕ್ಕೆ ಹೊರಡುತ್ತಿದ್ದರು. "ಕ್ಯಾ ಸಾಬ್, ಕರೆಂಟ್ ಯಾವ್ ಪ್ಲಾಟ್‌ಫಾರಂಗೆ ಬರ್ತದೆ ಇವತ್ತು?" ಎಂದು ನಜೀರಣ್ಣ ಕೂಗಿದರೆ, ಮಾವ ನಗದೆ, "ಮೂರನೇ ಕ್ರಾಸು. ನಿಮ್ಮ ಕಡೇದನ್ನ ಔಟರ್ ಸಿಗ್ನಲ್ ಹತ್ರಾನೇ ನಿಲ್ಸಿದಾರೆ" ಎನ್ನುತ್ತಿದ್ದರು.

ಗೌರಮ್ಮನವರ ಪ್ರಕರಣ ನೀವು ಕೇಳಲೇಬೇಕು. ಹಳೇ ಊರಿನ ತೋಟದ ಮನೆಯವರು ಅವರು, ಈಗ ತೋಟವಿದ್ದಲ್ಲಿ ನಾಲ್ಕು ಬಾಡಿಗೆ ಬಿಲ್ಡಿಂಗುಗಳಿವೆ. ಅವರ ಸೊಸೆಗೆ ದಿನ ತುಂಬಿತ್ತು. ಒಂದು ಬೆಳಗ್ಗೆ ಹಲಗೆಯಲ್ಲಿ ಕಂಡಿತು: "ಗೌರಮ್ಮನವರ ಮೊಮ್ಮಗು. ಬರಬೇಕಾದದ್ದು ಸೋಮವಾರ. ಬರುವುದು: ತಡ. ಪ್ಲಾಟ್‌ಫಾರಂ: ಹೆರಿಗೆ ವಾರ್ಡು, ಮೊದಲ ಮಹಡಿ." ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇ ಬಂದರು.

"ಏನ್ ಸ್ವಾಮೀ, ಇಂಗ್ ಬರ್ದಿದೀರಲ್ಲ! ಮಗೀನ ಲೇಟು ಅಂತ ಜಗತ್ತಿಗೆಲ್ಲ ಸಾರೋದಾ?"

"ತಪ್ಪೇನಮ್ಮಾ? ಬರುತ್ತೆ ಅಂತಾನೇ ತಾನೇ ಬರ್ದಿರೋದು."

"ಆವತ್ತೇ ಬತ್ತದೆ ಅಂತ ಬರೀಬೇಕಿತ್ತು!"

"ಲೈನ್ ಕ್ಲಿಯರ್ ಆಗದೆ ಹೇಗಮ್ಮಾ ಬರೀಲಿ?"

ಬುಧವಾರ ಅವಳಿ ಮಕ್ಕಳಾದವು. ಮಾವ ಬರೆದರು: "ಎರಡು ಗಾಡಿ. ಆರು ನಿಮಿಷದ ಅಂತರ. ಎರಡೂ ಕ್ಷೇಮ." ಗೌರಮ್ಮ ಲಾಡಿನ ಡಬ್ಬಿ ತಂದುಕೊಟ್ಟು, ಹಲಗೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಒಂದೇ ಒಂದು ತಕರಾರು ಉಳಿದಿತ್ತು: "ಪೆಸೆಂಜರ್ರೋ ಎಕ್ಸ್‌ಪ್ರೆಸ್ಸೋ ಅಂತ ಬರ್ದೇ ಇಲ್ವಲ್ಲ ನೀವು!"

ಇಷ್ಟೆಲ್ಲ ಸರಿ. ಆದರೆ ಹಲಗೆಯ ಮೊದಲ ಸಾಲು? ಅದು ಹಾಲಿಗೂ ಸಿಗುತ್ತಿರಲಿಲ್ಲ, ಮೊಮ್ಮಕ್ಕಳಿಗೂ ಸಿಗುತ್ತಿರಲಿಲ್ಲ. ಅಲ್ಲಿ ದಿನವೂ ಒಂದೇ ಸಮಾಚಾರ: "ಹೊಳೆ: ತಡವಾಗಿ ಬರಲಿದೆ." ಪ್ರತಿ ಬೆಳಗ್ಗೆ ಅದನ್ನು ಒರೆಸಿ, ಅದನ್ನೇ ಮತ್ತೆ ಬರೆಯುತ್ತಿದ್ದರು.

"ಮಾವ, ಅಲ್ಲಿ ಒಂದು ಹನಿ ನೀರಿಲ್ಲ. ರದ್ದು ಅಂತ ಬರೆದ್ಬಿಡಿ" ಎಂದೆ ನಾನೊಮ್ಮೆ.

ಮಾವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಗಾಡಿ ಎಷ್ಟು ಗಂಟೆ ಲೇಟಾದ್ರೂ ನಾನು ಬರೀಬಹುದು. ರದ್ದು ಅಂತ ಬರೆಯೋ ಅಧಿಕಾರ ನನಗಿಲ್ಲ. ಅದಕ್ಕೆ ಮೇಲಿಂದ ಲಿಖಿತ ಆರ್ಡರ್ ಬರ್ಬೇಕು. ನನ್ನ ಸರ್ವೀಸಲ್ಲಿ ಒಂದೇ ಒಂದು ಸಲಾನೂ ಬಾಯಿಮಾತಿಗೆ ರದ್ದು ಬರೆದವನಲ್ಲ ನಾನು."

ಅಷ್ಟರಲ್ಲಿ ಕೇಬಲ್ ತಂತಿಯ ಮೇಲೆ ನೀಲಿ ಮಿಂಚುಳ್ಳಿಯೊಂದು ಬಂದು ಕೂತಿತು. "ನೋಡು! ಅದೂ ಕಾಯ್ತಿದೆ. ಮೀನಿಲ್ಲದ ಕಡೆ ಮಿಂಚುಳ್ಳಿ ಯಾಕೋ ಬರುತ್ತೆ?"

ನನಗೆ ಸುಮ್ಮನಿರಲು ಬರುತ್ತದೆಯೇ? "ಮಾವ, ಈ ಜಾತಿ ಮಿಂಚುಳ್ಳಿ ಹಲ್ಲಿ, ಮಿಡತೆ ತಿಂದೂ ಬದುಕುತ್ತೆ. ಅದರಿಂದ ಹೊಳೆ ಇತ್ತು ಅಂತ ಸಾಬೀತಾಗಲ್ಲ."

"ಗಾಡಿ ಲೇಟಾದಾಗ ಜನ ಕ್ಯಾಂಟೀನಲ್ಲಿ ಸಿಕ್ಕಿದ್ದು ತಿಂತಾರೆ ಕಣೋ. ಅದಕ್ಕೆ ಅವರು ಊರಿಗೆ ಹೋಗೋರೇ ಅಲ್ಲ ಅಂತೀಯಾ?"

ಇಲ್ಲಿ ನನ್ನ ಖಾಸಗಿ ಸಂಶಯವೊಂದನ್ನು ಹೇಳಿಬಿಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ನನಗೆ ಆರು ವರ್ಷವಾಗಿದ್ದಾಗ ಅಮ್ಮನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಅಪ್ಪ ಅವಳ ಜೊತೆಗಿದ್ದರು. ನೋಡಿಕೊಂಡು ಬಂದ ನೆಂಟರೆಲ್ಲ ನನ್ನ ತಲೆ ಸವರಿ, ಮಾವನ ಕಡೆ ತಿರುಗಿ ಇಲ್ಲವೆಂಬಂತೆ ತಲೆಯಾಡಿಸುತ್ತಿದ್ದರು. ಆಗಿನ್ನೂ ಮದುವೆಯಾಗದ ಮಾವ ನನ್ನನ್ನು ಎಲ್ಲಿ ಬಿಡುವುದೆಂದು ತಿಳಿಯದೆ ದಿನವೂ ಸ್ಟೇಷನ್ನಿಗೆ ಕರೆದೊಯ್ದು, ಹಲಗೆಯ ಎದುರಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ನಾನು ದಿನವಿಡೀ ಕಾಲಾಡಿಸುತ್ತ ಹಲಗೆ ಓದುತ್ತಿದ್ದೆ. ಆ ಹಲಗೆಯ ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ, ಮಾವ ಹೀಗೆ ಬರೆದಿದ್ದರೆಂದು ನನ್ನ ನೆನಪು: "ಅಮ್ಮ: ತಡವಾಗಿ ಬರಲಿದ್ದಾಳೆ."

ಅಮ್ಮ ಬಂದಳು. ಅದರಲ್ಲಿ ಸಂಶಯವಿಲ್ಲ, ಈಗಲೂ ವಾರಕ್ಕೊಮ್ಮೆ ಫೋನು ಮಾಡಿ ಬೈಯುತ್ತಾಳೆ. ನನ್ನ ಸಂಶಯವೆಲ್ಲ ಆ ಸಾಲಿನದು. ನೂರಾರು ಪ್ರಯಾಣಿಕರು ನೋಡುವ ಸರ್ಕಾರಿ ಹಲಗೆಯ ಮೇಲೆ, ಮೆಮೊ ಎಂದರೆ ನಡುಗುವ ಮಾವ ಅಂಥದ್ದು ಬರೆದಾರೆಯೇ? ಮಕ್ಕಳು ತಮಗೆ ಬೇಕಾದ ನೆನಪನ್ನು ತಾವೇ ಕಟ್ಟಿಕೊಳ್ಳುತ್ತಾರೆಂದು ನಾನೇ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಪಾಸಾಗಿದ್ದೇನೆ! ಅಮ್ಮನನ್ನು ಕೇಳಿದೆ. "ನಾನು ಹುಬ್ಬಳ್ಳೀಲಿ ಮಲಗಿದ್ದೆ ಕಣೋ, ಇಲ್ಲಿನ ಬೋರ್ಡು ಹೇಗೆ ನೋಡ್ಲಿ? ನಿನಗೆ ಎಂ.ಎ. ಕೊಟ್ಟೋರು ಯಾರು?" ಎಂದಳು. ಮಾವನನ್ನು ಕೇಳಿದರೆ, "ನಿನಗೆ ಹೇಗೆ ನೆನಪಿದೆಯೋ ಹಾಗೇ" ಎಂದು ಸೀಮೆಸುಣ್ಣ ಹುಡುಕಲು ಹೊರಡುತ್ತಿದ್ದರು.

ಹೀಗಿರುವಾಗ ಸೇತುವೆಯ ಆಚೆ ಒಂದು ಅಪಾರ್ಟ್‌ಮೆಂಟು ಎದ್ದಿತು. ಹದಿನಾಲ್ಕು ಮಹಡಿ. ಅದರ ಹೆಸರಿನಲ್ಲಿ, ಇಂಗ್ಲಿಷಿನಲ್ಲಿ, ನದಿಯೂ ಇದೆ, ದಂಡೆಯೂ ಇದೆ. ಅದರ ಸಂಘದ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಬೆಳಗ್ಗೆ ಶೂ ಹಾಕಿ ಓಡುವವರು. ಒಂದು ದಿನ ಓಟ ನಿಲ್ಲಿಸಿ ಮಾವನ ಮುಂದೆ ನಿಂತರು.

"ಅಂಕಲ್, ತಪ್ಪು ತಿಳ್ಕೋಬೇಡಿ. ಫ್ಲ್ಯಾಟ್ ನೋಡೋಕೆ ಬರೋರು ಈ ಬೋರ್ಡ್ ಓದ್ತಾರೆ. 'ಹೊಳೆ ಬರುತ್ತಂತಲ್ಲ, ಬೇಸ್‌ಮೆಂಟಿಗೆ ನುಗ್ಗಿದ್ರೆ?' ಅಂತ ವಾಪಸ್ ಹೋಗ್ತಾರೆ. ದಯವಿಟ್ಟು ಆ ಲೈನ್ ತೆಗೀರಿ."

"ನಿಮ್ಮ ಗೇಟಿನ ಮೇಲೆ ಹೊಳೆ ಆಗಲೇ ಬಂದಾಗಿದೆಯಲ್ಲ ಸಾರ್! ನಾನು ಇನ್ನೂ ತಡ ಅಂತಿದೀನಿ. ಇಬ್ಬರಲ್ಲಿ ಯಾರು ಹೆದರಿಸ್ತಿರೋದು?"

ನಜೀರಣ್ಣ ನಕ್ಕು ನಕ್ಕು ಟೀಯನ್ನು ಲೋಟದ ಹೊರಗೆ ಸುರಿದರು. ಕಾರ್ಯದರ್ಶಿ ಬಿಡುವವರಲ್ಲ. "ಹಾಗಾದ್ರೆ ರದ್ದು ಅಂತಾದ್ರೂ ಬರೀರಿ" ಎಂದರು. ಲಿಖಿತ ಆರ್ಡರ್ ಬೇಕೆಂದರು ಮಾವ. ಮರುದಿನ ಏನಾಯಿತು ಗೊತ್ತೇ? ಅವರು ಆರ್ಡರ್ ತಂದರು! ಸಂಘದ ಲೆಟರ್‌ಹೆಡ್ಡು, ನೀಲಿ ಸೀಲು, ಮೂವರ ಸಹಿ: "ಸದರಿ ಹೊಳೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ."

ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸೀಲನ್ನು ಬೆರಳಿನಿಂದ ಉಜ್ಜಿ ನೋಡಿದರು. ಕಾಗದ ಮಡಿಸಿ ಗೌರವದಿಂದ ಹಿಂತಿರುಗಿಸಿದರು. "ಆರ್ಡರ್ ಚೆನ್ನಾಗಿದೆ ಸಾರ್. ಆದ್ರೆ ಈ ಹೊಳೆ ನಿಮ್ಮ ಡಿವಿಜನ್ನಿಗೆ ಬರಲ್ಲ."

ಆಮೇಲೆ ನಗೆ ನಿಂತಿತು. ಸೇತುವೆ ಸಾರ್ವಜನಿಕ ಆಸ್ತಿ, ಬೋರ್ಡು ತೆಗೆಸಿ ಎಂದು ಅರ್ಜಿ ಸಿದ್ಧವಾಯಿತು, ನಲವತ್ತು ಮನೆಯವರು ಸಹಿ ಹಾಕಿದರು. ಕೊಡುವ ಮೊದಲು ಕೂತು ಮಾತಾಡೋಣವೆಂದು ಭಾನುವಾರ ಬೆಳಗ್ಗೆ ನಜೀರಣ್ಣನ ಅಂಗಡಿಯ ಮುಂದೆ ಎಲ್ಲರೂ ಸೇರಿದರು. ಅತ್ತೆ ನನಗೆ ಫೋನು ಮಾಡಿದ್ದರು: "ಬಾರೋ, ಆ ಹಲಗೆ ಹೋದ್ರೆ ಇವರು ಹಾಸಿಗೆ ಹಿಡೀತಾರೆ. ನೀನು ಓದಿದವನು, ನಿನ್ನ ಮಾತು ಕೇಳ್ತಾರೆ." ನಾನೂ ಯಲಹಂಕದಿಂದ ಎರಡು ಬಸ್ಸು ಬದಲಿಸಿ, ಓದಿದವನ ಮುಖ ಮಾಡಿಕೊಂಡು ಹೋದೆ.

ಕಾರ್ಯದರ್ಶಿ ಮೃದುವಾಗಿಯೇ ಕೇಳಿದರು. "ಅಂಕಲ್, ಒಂದೇ ಒಂದು ಉದಾಹರಣೆ ಕೊಡಿ. ಎಲ್ಲರೂ ಇನ್ನು ಬರಲ್ಲ ಅಂತ ಕೈ ಬಿಟ್ಟಮೇಲೂ ನೀವು ತಡ ಅಂತ ಬರೆದು, ಅದು ಬಂದಿದ್ದು. ಒಂದೇ ಒಂದು. ಈ ಅರ್ಜಿ ಇಲ್ಲೇ ಹರಿದು ಹಾಕ್ತೀನಿ."

ಆ ಸಾಲಿನ ಬಗ್ಗೆ ಮೂವತ್ತೈದು ವರ್ಷ ಬಾಯಿಬಿಡದ ಮಾವ, ಅಂದು ಮೊದಲ ಸಲ ನನ್ನ ಕಡೆ ಕೈ ತೋರಿಸಿದರು.

"ಇವನನ್ನ ಕೇಳಿ. ಇವನು ಸಾಕ್ಷಿ."

ಎಲ್ಲರೂ ನನ್ನ ಕಡೆ ತಿರುಗಿದರು. ಗೌರಮ್ಮ ಅವಳಿಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. "ಹೌದು, ನೋಡಿದ್ದೇನೆ" ಎಂದರೆ ಮುಗಿಯುತ್ತಿತ್ತು. ನಾನೇನು ಹೇಳಿದೆ? "ನೋಡಿ, ನನಗಾಗ ಆರು ವರ್ಷ. ಆ ವಯಸ್ಸಿನ ನೆನಪನ್ನು ಪುರಾವೆ ಅಂತ ತಗೊಳ್ಳೋಕೆ ಬರಲ್ಲ. ಕೊನೇ ಸಾಲಿನಲ್ಲಿ ಏನೋ ಬರೆದಿತ್ತು ಅನ್ಸುತ್ತೆ. ಬರೆದಿರಲಿಲ್ಲ ಅಂತಲೂ ಇರಬಹುದು." ಆಮೇಲೂ ನಿಲ್ಲಿಸಿದೆನೇ? ಮಿದುಳಿನ ಬಗ್ಗೆ ಐದು ನಿಮಿಷ ಮಾತಾಡಿದೆ!

"ಅಯ್ಯೋ ನಿನ್ ಓದಿಗಷ್ಟು!" ಎಂದರು ಗೌರಮ್ಮ. ಅವಳಿಗಳಲ್ಲಿ ಒಂದು ಅಳಲು ಶುರುಮಾಡಿತು.

ಮಾವ ಕೋಪಿಸಿಕೊಳ್ಳಲಿಲ್ಲ. ಎದ್ದು ಹೋಗಿ ಒದ್ದೆ ಬಟ್ಟೆಯಿಂದ ಹಲಗೆಯನ್ನು ಪೂರ್ತಿ ಒರೆಸಿದರು. ಹಾಲು, ನೀರು, ಕಸ, ಹೊಳೆ, ಎಲ್ಲ ಹೋಯಿತು. ನಂತರ ಮೊದಲ ಸಾಲಿನಲ್ಲಿ ಅಚ್ಚಿನ ಅಕ್ಷರಗಳಲ್ಲಿ ಬರೆದರು: "ಸಾಕ್ಷಿ: ತಡವಾಗಿ ಬರಲಿದೆ." ಎಲ್ಲರೂ ಓದಿದ ಮೇಲೆ ಅದನ್ನೂ ಒರೆಸಿ, ತಂತಿ ಬಿಚ್ಚತೊಡಗಿದರು.

"ಸಾಬ್, ನನ್ ಅಂಗಡಿ ಗೋಡೆ ಐತಲ್ಲ! ಅದಕ್ಕೆ ಯಾರ್ ಪರ್ಮಿಷನ್ನೂ ಬೇಡ. ಇಲ್ಲಿ ಹಾಕಿ!" ಎಂದರು ನಜೀರಣ್ಣ. ಕಾರ್ಯದರ್ಶಿಯೂ ಗಾಬರಿಯಾಗಿ, "ಅಲ್ಲಿ ಹಾಕಿದ್ರೆ ನಮಗೇನೂ ಅಭ್ಯಂತರ ಇಲ್ಲ ಅಂಕಲ್" ಎಂದರು. ಮಾವ ಬೇಡವೆಂದು ತಲೆಯಾಡಿಸಿದರು. "ಗೋಡೆ ಪ್ರಶ್ನೆ ಅಲ್ಲ ಕಣ್ರೀ. ಕಾದವನೇ ಗ್ಯಾರಂಟಿ ಇಲ್ಲ ಅಂದ್ಮೇಲೆ ಬರೆಯೋನು ಯಾರಿಗೆ ಬರೀಬೇಕು?"

ಹಲಗೆಯ ಒಂದು ತುದಿ ಅವರು, ಇನ್ನೊಂದು ತುದಿ ನಾನು ಹಿಡಿದು ಮನೆಗೆ ನಡೆದೆವು. ಅಷ್ಟು ಭಾರದ ಹಲಗೆಯನ್ನು ನಾನು ಎಂದೂ ಹೊತ್ತಿಲ್ಲ. ಇದು ನೆನಪಿನ ದೋಷವಿರಲಾರದು, ಭುಜ ಇನ್ನೂ ನೋಯುತ್ತಿದೆ.

ಮನೆಯ ಬಾಗಿಲಲ್ಲಿ ತಿರುಗಿಸುವಾಗ ಹಲಗೆ ಹೊಸ್ತಿಲಿಗೆ ತಾಗಿ ಹಿಂಬದಿಯ ತಗಡು ಒಂದು ಕಡೆ ಬಿಚ್ಚಿಕೊಂಡಿತು. ಮಾವ ಮುಖ ತೊಳೆಯಲು ಹಿತ್ತಿಲಿಗೆ ಹೋದರು. ನಾನು ತಗಡಿಗೆ ಮೊಳೆ ಹೊಡೆಯಲೆಂದು ಕೂತೆ. ತಗಡು ಮತ್ತು ಮರದ ನಡುವೆ ನಾಲ್ಕು ಮಡಿಕೆಯ, ಬೀಡಿ ಬಣ್ಣಕ್ಕೆ ತಿರುಗಿದ ಕಾಗದಗಳಿದ್ದವು. ಎರಡು. ಒಂದು ಟೈಪು ಮಾಡಿದ ಮೆಮೊ! ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ: ಆಗಮನ ಫಲಕದ ಮೊದಲ ಸಾಲಿನಲ್ಲಿ, ಎಕ್ಸ್‌ಪ್ರೆಸ್ ಗಾಡಿಗಳಿಗಿಂತ ಮೇಲೆ, ರೈಲಿಗೆ ಸಂಬಂಧಿಸದ "ಅಮ್ಮ" ಎಂಬ ನಮೂದನ್ನು ಒಂಬತ್ತು ದಿನಗಳಿಂದ ಮುಂದುವರಿಸಿರುವುದಕ್ಕೆ ಕೂಡಲೇ ವಿವರಣೆ ನೀಡತಕ್ಕದ್ದು.

ಇನ್ನೊಂದು ಮಾವನ ಉತ್ತರದ ನಕಲು. ಅದೇ ಅಚ್ಚಿನ ಅಕ್ಷರ.

"ಸದರಿ ನಮೂದು ಒಬ್ಬ ಪ್ರಯಾಣಿಕನಿಗಾಗಿ ಬರೆದದ್ದು. ಆತ ಬೆಂಚಿನ ಮೇಲೆ ಕೂತಾಗ ಮುಂದೆ ಜನ ನಿಂತಿರುವುದರಿಂದ ಮೊದಲ ಸಾಲು ಬಿಟ್ಟು ಬೇರೆ ಯಾವುದೂ ಆತನಿಗೆ ಕಾಣುವುದಿಲ್ಲ. ರದ್ದಾಗಿದೆಯೆಂದು ಲಿಖಿತ ಆದೇಶ ಬಂದಿಲ್ಲ. ಬಂದ ದಿನ ಅಳಿಸುತ್ತೇನೆ."

ಕಾಗದಗಳನ್ನು ಇದ್ದಂತೆಯೇ ಮಡಿಸಿ ಒಳಗಿಟ್ಟು ಮೊಳೆ ಹೊಡೆದೆ. ಬೆರಳಿಗೂ ಎರಡು ಏಟು ಹೊಡೆದುಕೊಂಡೆ, ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು.

"ಮಾವ, ನನಗೆ ನೆನಪಿದೆ."

"ಏನು?"

"ನೀವು ಬರೆದದ್ದು. ಅಮ್ಮನ ಸಾಲು."

"ಎಷ್ಟನೇ ಸಾಲು?"

"ಮೊದಲನೇದು."

ಅವರು ಟವೆಲು ಇಳಿಸಿದರು. "ಬೆಳಗ್ಗೆ ಕೊನೇ ಸಾಲು ಅಂತಿದ್ದೆ?"

"ನೆನಪು ಸ್ವಲ್ಪ ಲೇಟಾಗಿ ಬಂತು ಮಾವ."

ಮಾವ ನನ್ನನ್ನು ನೋಡಿದರು. ಹಲಗೆಯ ಹಿಂದಿನ ಹೊಸ ಮೊಳೆಗಳನ್ನು ನೋಡಿದರು. ನನ್ನ ಊದಿದ ಹೆಬ್ಬೆರಳನ್ನು ನೋಡಿದರು. ಒಳಗೆ ತಿರುಗಿ, "ಏನೇ, ಆ ಸೀಮೆಸುಣ್ಣದ ಡಬ್ಬಿ ಎಲ್ಲಿಟ್ಟೆ?" ಎಂದು ಅತ್ತೆಯನ್ನು ಕೂಗಿದರು.

ಈಗ ಹಲಗೆ ನಜೀರಣ್ಣನ ಗೋಡೆಯ ಮೇಲಿದೆ. ಹೊಳೆ ಇನ್ನೂ ತಡವಾಗಿಯೇ ಇದೆ. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಓಡುವುದನ್ನು ನಿಲ್ಲಿಸಿ ದಿನವೂ ಓದುತ್ತಾರೆ.

ನಾನು ಸಂಶಯದ ಪ್ರಾಣಿ, ಕಾಗದದಲ್ಲಿ ಬರೆದದ್ದನ್ನೂ ಹಾಗೆಯೇ ನಂಬುವವನಲ್ಲ. ಕಳೆದ ವಾರ ಹಲಗೆಯ ಮೇಲಂಚಿನಿಂದ ಮೊದಲ ಸಾಲಿನವರೆಗೆ ಅಳೆದುಕೊಂಡು ಆ ಸ್ಟೇಷನ್ನಿಗೆ ಹೋದೆ. ಸಿಮೆಂಟಿನ ಬೆಂಚು ಅಲ್ಲೇ ಇದೆ. ಎದುರಿನ ಗೋಡೆಯಲ್ಲಿ ಹಲಗೆ ತೂಗುತ್ತಿದ್ದ ಎರಡು ಕಬ್ಬಿಣದ ಕೊಕ್ಕೆಗಳೂ ಇವೆ. ಮುಂದೆ ಚೀಲ ಹಿಡಿದು ಜನ ನಿಂತಿದ್ದರು. ಬೆಂಚಿನ ಮೇಲೆ ಕೂತು, ಆರು ವರ್ಷದವನ ಎತ್ತರಕ್ಕೆ ಇಳಿಯುವವರೆಗೂ ಜಾರಿದೆ. ಪಕ್ಕದ ಹೆಂಗಸು "ಹುಷಾರಿಲ್ವಾ ಸಾರ್?" ಎಂದು ನೀರಿನ ಬಾಟಲಿ ಚಾಚಿದರು. ಅಲ್ಲಿಂದ ನೋಡಿದರೆ ಜನರ ತಲೆಗಳ ಮೇಲೆ ಎರಡು ಕೊಕ್ಕೆಗಳೂ ಅವುಗಳ ಕೆಳಗೆ ಒಂದು ಗೇಣು ಗೋಡೆಯೂ ಕಾಣುತ್ತವೆ. ಮೊದಲ ಸಾಲಿನ ಅಳತೆಯೂ ಒಂದು ಗೇಣು.